ಮಿರುಗದ ಗಾಡಿಯ ಪರವಾಗಿ

ಅಮೆರಿಕದಲ್ಲಿ ಹಳೆಯ ಮೋಟರ್‌ಹೋಮ್ (ಒಳಗೇ ವಾಸಿಸಬಹುದಾದ ಮನೆಗಾಡಿ) ಕೊಂಡವರಿಗೆ ಎಲ್ಲಕ್ಕಿಂತ ಮೊದಲು ಸಿಗುವ ಉಪದೇಶ, ಅದರ ಮೈಗೆ ಹೊಳಪು ತರಿಸಿ ಎಂಬುದು. ಎಂಜಿನ್ ನೋಡಿಸಿ, ಸೂರಿನ ಮೇಲೆ ಹತ್ತಿ ನೋಡಿ ಎಂದು ಹೇಳುವವರು ಆಮೇಲೆ ಬರುತ್ತಾರೆ. ಇಪ್ಪತ್ತು ವರ್ಷ ಬಿಸಿಲುಂಡು ಮಂಕಾದ ಫೈಬರ್‌ಗ್ಲಾಸ್ ಗೋಡೆಗಳನ್ನು ರಬ್ಬಿಂಗ್ ಕಾಂಪೌಂಡ್ ಹಾಕಿ ತಿಕ್ಕಿ, ಪಾಲಿಶ್ ಮಾಡಿ, ಮೇಲೆ ವ್ಯಾಕ್ಸ್ ಹಚ್ಚಿ, ನೋಡುವವರ ಮುಖ ಕಾಣುವ ಹಾಗೆ ಮಾಡಿದರೆ ಗಾಡಿಗೆ ಮರುಜನ್ಮ ಬಂತೆಂದು ನಂಬಿಕೆ. ಹಾಗೆ ಮಾಡದವನು ಸೋಮಾರಿ. ಮಂಕಾದ ಗಾಡಿ ಎಂದರೆ ಗತಿಗೆಟ್ಟ ಗಾಡಿ, ಅದರ ಯಜಮಾನನೂ ಗತಿಗೆಟ್ಟವನೇ. ಆ ದೇಶದಲ್ಲಿ ನೆಲೆಸಿದ ನಮ್ಮ ಕನ್ನಡಿಗರಲ್ಲೂ ಬಾಡಿಗೆ ಗಾಡಿಯಲ್ಲಿ ಯೆಲ್ಲೋಸ್ಟೋನ್ ಸುತ್ತಿಬಂದು, ರುಚಿ ಹತ್ತಿ, ಸ್ವಂತಕ್ಕೊಂದು ಹಳೆಯದನ್ನು ಕೊಳ್ಳುವವರಿದ್ದಾರೆ. ಅವರ ಕಿವಿಗೂ ಮೊದಲು ಬೀಳುವುದು ಈ ಮಂತ್ರವೇ.

ಈ ನಂಬಿಕೆ ತಪ್ಪು ಎಂಬುದು ನನ್ನ ವಾದ. ಬರೀ ಅನಗತ್ಯ ಎಂದು ಹೇಳಿ ಬಿಟ್ಟುಬಿಡಬಹುದಾದ ತಪ್ಪಲ್ಲ, ಹಾನಿ ಮಾಡುವ ತಪ್ಪು. ಹೊಳಪು ಎಂಬುದು ಗಾಡಿ ಮಾರುವವನ ಅಳತೆ. ಗಾಡಿಯನ್ನು ಉಳಿಸಿಕೊಂಡು ಅದರೊಳಗೆ ಮಲಗಿ ಏಳಬೇಕಾದವನ ಅಳತೆಯೇ ಬೇರೆ. ಈ ಎರಡು ಅಳತೆಗಳನ್ನು ಒಂದೇ ಎಂದು ಎಣಿಸಿದ್ದರಿಂದ ಎಷ್ಟೋ ಒಳ್ಳೆಯ ಗಾಡಿಗಳು ಹೊರಗೆ ಮಿರಮಿರ ಮಿರುಗುತ್ತಲೇ ಒಳಗೆ ಕೊಳೆತುಹೋಗುತ್ತವೆ. ಎದುರು ಪಕ್ಷದ ಮಾತುಗಳನ್ನು ಒಂದೊಂದಾಗಿ ತೆಗೆದುಕೊಂಡು ನೋಡೋಣ.

ಮೊದಲ ಮಾತು: ಮಂಕು ಎಂದರೆ ಕೊಳೆ, ತಿಕ್ಕಿದರೆ ಕೆಳಗಿನ ಅಸಲಿ ಮೈ ಹೊರಬರುತ್ತದೆ. ಇದನ್ನು ಒಪ್ಪುವ ಮೊದಲು ಆ ಗೋಡೆ ಹೇಗಿದೆ ಎಂದು ನೋಡಬೇಕು. ಬಹುಪಾಲು ಮೋಟರ್‌ಹೋಮ್‌ಗಳ ಪಕ್ಕದ ಗೋಡೆ ಎಂದರೆ ಒಳಗೊಂದು ತೆಳು ಪ್ಲೈವುಡ್, ನಡುವೆ ಫೋಮ್, ಹೊರಗೆ ಇನ್ನೊಂದು ತೆಳು ಪ್ಲೈವುಡ್, ಅದರ ಮೇಲೆ ಅಂಟಿಸಿದ ಫೈಬರ್‌ಗ್ಲಾಸ್ ಹಾಳೆ. ಆ ಹಾಳೆಯ ಹೊರಮೈಯಲ್ಲಿ ಬಣ್ಣ ಬೆರೆಸಿದ ಪಾಲಿಯೆಸ್ಟರ್ ರಾಳದ ಪದರವಿದೆ. ಅದೇ ಜೆಲ್‌ಕೋಟ್. ದೋಣಿಗಳಲ್ಲಿ ಅದು ಅರ್ಧ ಮಿಲಿಮೀಟರಿನ ಆಸುಪಾಸು ಇರುತ್ತದೆ; ಮೋಟರ್‌ಹೋಮಿನ ಹಾಳೆಗಳಲ್ಲಿ ಸಾಮಾನ್ಯವಾಗಿ ಇನ್ನೂ ತೆಳು. ಬಿಸಿಲಿನ ಅತಿನೇರಳೆ ಕಿರಣಗಳು ಈ ರಾಳದ ಅಣುಸರಪಳಿಗಳನ್ನು ವರ್ಷಗಟ್ಟಲೆ ಕಡಿಯುತ್ತ ಬರುತ್ತವೆ. ರಾಳದ ಹಿಡಿತ ಸಡಿಲವಾದಾಗ ಅದರೊಳಗಿದ್ದ ಬಣ್ಣದ ಕಣಗಳು ಬಿಡಿಬಿಡಿಯಾಗಿ ಪುಡಿ ಏಳುತ್ತವೆ. ಹಳೆಯ ಗಾಡಿಯ ಗೋಡೆಗೆ ಅಂಗೈ ಒತ್ತಿದರೆ ಬಿಳಿ ಹತ್ತುವುದು ಅದಕ್ಕೇ. ಹೊರಗಿನಿಂದ ಬಂದು ಕೂತ ಧೂಳು ಅದರಲ್ಲಿ ಅಲ್ಪ, ಹೆಚ್ಚಿನದು ಗೋಡೆಯೇ ಪುಡಿಯಾದದ್ದು.

ಸಡಿಲವಾದ ಪುಡಿ ಹೋಗಲಿ, ನಷ್ಟವಿಲ್ಲ. ಆದರೆ ರಬ್ಬಿಂಗ್ ಕಾಂಪೌಂಡ್ ಅಷ್ಟಕ್ಕೆ ನಿಲ್ಲುವುದಿಲ್ಲ. ಹೊಳಪು ಬರಬೇಕಾದರೆ ಮೇಲ್ಮೈಯ ಸಣ್ಣ ಗುಳಿಗಳ ತಳದವರೆಗೂ ಇಡೀ ಗೋಡೆ ಸಮತಟ್ಟಾಗಬೇಕು, ಅಂದರೆ ಗುಳಿಗಳ ಸುತ್ತ ಗಟ್ಟಿಯಾಗಿ ಉಳಿದ ಭಾಗವನ್ನೂ ಕೆರೆಯಬೇಕು. ಗಾಡಿಯ ಆಯುಸ್ಸಿನಲ್ಲಿ ಒಂದೆರಡು ಸಲ ಇದನ್ನು ತಾಳಿಕೊಳ್ಳುವಷ್ಟು ಜೆಲ್‌ಕೋಟ್ ಇರುತ್ತದೆ. ವರ್ಷವರ್ಷವೂ ಯಂತ್ರ ಹಿಡಿದರೆ ಮೊದಲು ಅಂಚು, ಮೂಲೆ, ಉಬ್ಬುಗಳಲ್ಲಿ, ಆಮೇಲೆ ನಡುಗೋಡೆಯಲ್ಲಿ ಗಾಜಿನ ನಾರು ಕಾಣಿಸಿಕೊಳ್ಳುತ್ತದೆ. ನಾರು ಕಂಡ ಗೋಡೆಗೆ ಯಾವ ಪಾಲಿಶೂ ಇಲ್ಲ, ಬಣ್ಣ ಹೊಡೆಸುವುದೊಂದೇ ದಾರಿ. ಮೈಪೂರ ಬಣ್ಣ ಹೊಡೆದು ಬಂದ ದುಬಾರಿ ಗಾಡಿಗಳಲ್ಲಂತೂ ಉಳಿದಿರುವ ಬಂಡವಾಳ ಇನ್ನೂ ಕಡಿಮೆ. ಬಣ್ಣದ ಮೇಲಿನ ಪಾರದರ್ಶಕ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40–50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಅತಿನೇರಳೆ ಕಿರಣವನ್ನು ಹೀರಿ ಕೆಳಗಿನ ಬಣ್ಣವನ್ನು ಕಾಯುವ ರಾಸಾಯನಿಕ ಇರುವುದು ಆ ಪದರದಲ್ಲೇ. ಪ್ರತಿಸಲ ತಿಕ್ಕಿದಾಗಲೂ ಈ ವರ್ಷದ ಹೊಳಪಿಗಾಗಿ ಮುಂದಿನ ವರ್ಷಗಳ ರಕ್ಷಣೆಯನ್ನು ಖರ್ಚು ಮಾಡುತ್ತೇವೆ. ಒಂದು ದಿನ ಕ್ಲಿಯರ್ ಕೋಟ್ ಹೊಪ್ಪಳೆ ಹೊಪ್ಪಳೆಯಾಗಿ ಏಳುತ್ತದೆ. ಆಗ ಕಂಪನಿಯವರನ್ನು ಬಯ್ಯುತ್ತೇವೆ.

ಬಯ್ಯಲು ಕಂಪನಿ ಇದ್ದರೆ ತಾನೇ? ಈಗ ಹಳೆಯವು ಎನ್ನಿಸಿಕೊಂಡ ಎಷ್ಟೋ ಗಾಡಿಗಳಿಗೆ ತವರೇ ಇಲ್ಲ. 2008ರ ಆರ್ಥಿಕ ಕುಸಿತದ ಹೊಡೆತಕ್ಕೆ ಆ ಉದ್ಯಮದ ದೊಡ್ಡ ಹೆಸರುಗಳಾದ ಫ್ಲೀಟ್‌ವುಡ್, ಮೊನಾಕೋ ಎರಡೂ 2009ರ ಮಾರ್ಚ್ ತಿಂಗಳಲ್ಲಿ ದಿವಾಳಿ ಅರ್ಜಿ ಹಾಕಿದವು. ಹೆಸರುಗಳು ಬೇರೆಯವರ ಕೈಗೆ ಹೋಗಿ ಉಳಿದವು, ನಿಜ. ಆದರೆ ಆ ಕಾಲದ ಗಾಡಿಯ ಪಕ್ಕದ ಹಾಳೆ, ಅದರ ಮೇಲಿನ ಬಳುಕು ಪಟ್ಟೆಗಳ ವಿನೈಲ್ ಸ್ಟಿಕರ್ ಹಾಳಾದರೆ ಅಂಗಡಿಗೆ ಹೋಗಿ ಅಂಥದ್ದೇ ಇನ್ನೊಂದನ್ನು ತರುವುದು ಸುಲಭವಿಲ್ಲ. ಬಿಸಿಲಿಗೆ ಮೊದಲೇ ಬಿರುಕು ಬಿಟ್ಟ ಆ ಸ್ಟಿಕರಿನ ಅಂಚಿಗೆ ಬಫಿಂಗ್ ಯಂತ್ರದ ಉಣ್ಣೆಯ ಚಕ್ರ ತಾಗಿದರೆ ಸಾಕು, ಚೂರುಚೂರಾಗಿ ಕಿತ್ತು ಬರುತ್ತದೆ. ಬದಲಿ ಸಿಗದ ವಸ್ತುವನ್ನು ಕೆರೆಯುವ ಕೆಲಸಕ್ಕೆ ಜೀರ್ಣೋದ್ಧಾರ ಎಂದು ಹೆಸರಿಡುವುದು ಯಾವ ನ್ಯಾಯ?

ಈ ಮೋಹಕ್ಕೊಂದು ಚರಿತ್ರೆಯೂ ಇದೆ. ಅಮೆರಿಕನ್ನರ ಕಣ್ಣಲ್ಲಿ ಹೊಳೆಯುವ ಗಾಡಿ ಎಂದರೆ ಏರ್‌ಸ್ಟ್ರೀಮ್. ವಾಲಿ ಬಯಮ್ 1930ರ ದಶಕದಲ್ಲಿ ಶುರುಮಾಡಿದ ಈ ಕಂಪನಿ ಮುಂದೆ ಮೋಟರ್‌ಹೋಮ್‌ಗಳನ್ನೂ ಮಾಡಿತು, ಆದರೆ ಹೆಸರು ಬಂದದ್ದು ಕಾರಿನ ಹಿಂದೆ ಕಟ್ಟಿ ಎಳೆಯುವ ಬೆಳ್ಳಿಬಣ್ಣದ ಗಾಡಿಗಳಿಂದ. 1969ರಲ್ಲಿ ಚಂದ್ರನಿಂದ ಮರಳಿದ ಅಪೊಲೊ 11ರ ಗಗನಯಾತ್ರಿಗಳನ್ನು ಪ್ರತ್ಯೇಕವಾಗಿ ಇರಿಸಿದ್ದು ಮಾರ್ಪಡಿಸಿದ ಏರ್‌ಸ್ಟ್ರೀಮಿನಲ್ಲೇ. ಅಧ್ಯಕ್ಷ ನಿಕ್ಸನ್ ಅದರ ಕಿಟಕಿಯ ಹೊರಗೆ ನಿಂತು ಅವರನ್ನು ಮಾತಾಡಿಸಿದ ಚಿತ್ರ ಲೋಕವೆಲ್ಲ ನೋಡಿದ್ದು. ಇಂಥ ಖ್ಯಾತಿಯ ಗಾಡಿಯನ್ನು ಕನ್ನಡಿಯಂತೆ ಉಜ್ಜುವುದು ಈಗ ಒಂದು ವ್ರತವೇ ಆಗಿದೆ. ಆದರೆ ಕಾರ್ಖಾನೆಯಿಂದ ಹೊರಟಾಗ ಆ ಅಲ್ಯೂಮಿನಿಯಂ ಈಗಿನವರು ತಿಕ್ಕಿ ತರಿಸುವಷ್ಟು ಹೊಳೆಯುತ್ತಿರಲಿಲ್ಲ. ಅದನ್ನು ಮೂಲ ಸ್ಥಿತಿಗೆ ತರುತ್ತಿದ್ದೇವೆ ಎಂಬ ಮಾತಿಗೆ ಆಧಾರವಿಲ್ಲ. ಇದು ಹೊಸ ಕಾಲದ ಶೋಕಿ.

ಆ ಹೊಳಪಿನ ಕೆಳಗಿನ ಲೋಹದ ಕಥೆಯನ್ನೂ ಕೇಳಿ. ಹಳೆಯ ಏರ್‌ಸ್ಟ್ರೀಮ್‌ಗಳಲ್ಲಿ ಬಳಸಿದ ಹಲವು ಹಾಳೆಗಳು ಆಲ್‌ಕ್ಲ್ಯಾಡ್, ವಿಮಾನಗಳಿಗೆಂದು ಹುಟ್ಟಿದ ತಗಡು. ಒಳಗೆ ತಾಮ್ರ ಬೆರೆತ ಬಲವಾದ ಮಿಶ್ರಲೋಹ. ಅದು ಗಟ್ಟಿ, ಆದರೆ ಬೇಗ ತುಕ್ಕು ಹಿಡಿಯುವ ಜಾತಿ. ಅದನ್ನು ಕಾಪಾಡಲು ಹೊರಮೈಗೆ ಹೆಚ್ಚುಕಡಿಮೆ ಶುದ್ಧ ಅಲ್ಯೂಮಿನಿಯಂನ ತೀರ ತೆಳುವಾದ ಪದರ. ನಮ್ಮ ಅಜ್ಜಿಯರು ಹಿತ್ತಾಳೆ ಪಾತ್ರೆಯ ಹೊರಮೈಯನ್ನು ಹುಣಸೆಹಣ್ಣು ಹಾಕಿ ಬೇಕಾದಷ್ಟು ಉಜ್ಜುತ್ತಿದ್ದರು, ಒಳಗಿನ ಕಲಾಯಿಯನ್ನು ಮಾತ್ರ ಕೈಯಾಡಿಸಿ ತೊಳೆದು ಬಿಡುತ್ತಿದ್ದರು. ಹೊಳೆಯಲಿ ಎಂದು ಕಲಾಯಿಯನ್ನು ಉಜ್ಜುವ ಸೊಸೆಗೆ ಬೈಗುಳ ತಪ್ಪುತ್ತಿರಲಿಲ್ಲ, ಏಕೆಂದರೆ ಮಾರನೆಯ ದಿನದ ಹುಳಿ ಹಿತ್ತಾಳೆಗೆ ತಾಗಿ ಕಿಲುಬುತ್ತಿತ್ತು. ಆಲ್‌ಕ್ಲ್ಯಾಡಿನ ಮೇಲೆ ವರ್ಷವರ್ಷ ಯಂತ್ರ ಆಡಿಸುವವರು ಉಜ್ಜುತ್ತಿರುವುದು ಕಲಾಯಿಯನ್ನು.

ಎರಡನೆಯ ಮಾತು ಮೊದಲಿನದಕ್ಕಿಂತ ಜಾಣತನದ್ದು: ಹೊಳಪು ಅಂದಕ್ಕಾಗಿ ಅಲ್ಲ, ರಕ್ಷಣೆಗಾಗಿ. ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನು ಗಂಟುಹಾಕಲಾಗಿದೆ. ಹೊಳಪು ಬೆಳಕಿನ ವ್ಯವಹಾರ. ಮೇಲ್ಮೈ ನಯವಾಗಿದ್ದರೆ ಬೆಳಕು ಒಂದೇ ದಿಕ್ಕಿಗೆ ಮರಳುತ್ತದೆ, ಒರಟಾಗಿದ್ದರೆ ಚೆದರುತ್ತದೆ. ಇದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಡ, ಒಂದು ಬಕೆಟ್ ನೀರು ಸಾಕು. ಎಂಥ ಮಂಕು ಗೋಡೆಯಾದರೂ ನೀರೆರಚಿದ ಕೂಡಲೇ ಹೊಚ್ಚಹೊಸದಾಗಿ ಕಾಣುತ್ತದೆ, ನೀರು ಗುಳಿಗಳನ್ನು ತುಂಬಿ ಸಮ ಮಾಡಿರುತ್ತದೆ ಅಷ್ಟೆ. ಆ ಹೊತ್ತಿನಲ್ಲಿ ಗೋಡೆಗೆ ಬಿಸಿಲಿನಿಂದ ರಕ್ಷಣೆ ಸಿಕ್ಕಿತೆಂದು ಯಾರಾದರೂ ಹೇಳುತ್ತಾರೆಯೇ? ರಕ್ಷಣೆ ಎಂದರೆ ಬಿಸಿಲು, ಆಮ್ಲಜನಕ, ಕೊಳೆಗಳು ರಾಳಕ್ಕೆ ನೇರವಾಗಿ ತಾಗದಂತೆ ನಡುವೆ ಒಂದು ಪದರ ಇರುವುದು. ಮಂಕಾಗಿಯೇ ಕಾಣುವ ಗೋಡೆಯನ್ನೂ ಚೆನ್ನಾಗಿ ತೊಳೆದು ಒಣಗಿಸಿ ವ್ಯಾಕ್ಸ್ ಅಥವಾ ಪಾಲಿಮರ್ ಲೇಪ ಹಚ್ಚಿದರೆ ರಕ್ಷಣೆ ಸಿಗುತ್ತದೆ. ಬದಲಿಗೆ ಕಾಂಪೌಂಡ್ ಹಾಕಿ ತಿಕ್ಕಿ ಥಳಥಳ ಮಾಡಿ, ದಣಿದು, ವ್ಯಾಕ್ಸ್ ಮುಂದಿನ ಭಾನುವಾರ ಎಂದು ಬಿಟ್ಟ ಗೋಡೆ ಮೊದಲಿಗಿಂತ ಹೆಚ್ಚು ಬತ್ತಲೆ. ಹೊಳಪಿದ್ದೂ ರಕ್ಷಣೆ ಇಲ್ಲದಿರಬಹುದು, ರಕ್ಷಣೆ ಇದ್ದೂ ಹೊಳಪಿಲ್ಲದಿರಬಹುದು. ವ್ಯಾಕ್ಸಿನ ಕಾಪು ಕೆಲವು ತಿಂಗಳದ್ದು, ಮತ್ತೆ ಹಚ್ಚಬೇಕು. ಮತ್ತೆ ಹಚ್ಚುವ ಮುನ್ನ ಮತ್ತೆ ಕೆರೆಯಬೇಕೆಂದು ಮಾತ್ರ ಯಾವ ಶಾಸ್ತ್ರವೂ ಹೇಳಿಲ್ಲ.

ಈ ಗೊಂದಲದ ಕೂಸೇ ನೆಲದ ಪಾಲಿಶಿನ ಉಪಾಯ. ಕಚೇರಿ, ಆಸ್ಪತ್ರೆಗಳ ನೆಲಕ್ಕೆ ಬಳಿಯುವ ಅಕ್ರಿಲಿಕ್ ದ್ರವವನ್ನು ಬಟ್ಟೆಯಲ್ಲಿ ಅದ್ದಿ ಗೋಡೆಗೆ ನಾಲ್ಕೈದು ಕೈ ಎಳೆಯಿರಿ, ಯಂತ್ರ ಬೇಡ, ಬೆವರು ಬೇಡ, ಅಗ್ಗದಲ್ಲಿ ಹೊಸ ಗಾಡಿ ಎಂದು ಇದರ ಭಕ್ತರು ಸಾರುತ್ತಾರೆ. ಕಾಣುವುದೇನೋ ನಿಜ. ಎರಚಿದ ನೀರು ಒಣಗುತ್ತದೆ, ಇದು ಒಣಗಿಯೂ ಒದ್ದೆಯಂತೆ ಕಾಣುತ್ತದೆ. ಆದರೆ ಆ ದ್ರವ ತಯಾರಾದದ್ದು ಚಾವಣಿಯ ಕೆಳಗಿನ ನೆಲಕ್ಕೆ, ಅರಿಜೋನಾದ ಬಿಸಿಲಿಗಲ್ಲ. ಕೆಳಗಿನ ಪುಡಿಯನ್ನು ಪೂರ್ತಿ ತೆಗೆಯದೆ ಬಳಿದರೆ ಅದು ಅಂಟುವುದು ಪುಡಿಗೆ, ಗೋಡೆಗಲ್ಲ. ಕ್ರಮೇಣ ಹಳದಿಯಾಗಿ, ತೇಪೆ ತೇಪೆಯಾಗಿ ಸಿಪ್ಪೆ ಏಳುತ್ತದೆ. ತೆಗೆಯಬೇಕಾದರೆ ಅಮೋನಿಯಾ ಬೆರೆತ ಕಟು ದ್ರಾವಣ ಹಾಕಿ ಇಡೀ ಗಾಡಿಯನ್ನು ಇಂಚಿಂಚಾಗಿ ಒರೆಸಬೇಕು. ಬೆವರು ಬೇಡವೆಂದು ಹಿಡಿದ ಅಡ್ಡದಾರಿ ಎರಡುಪಟ್ಟು ಬೆವರಿಗೆ ತಂದು ನಿಲ್ಲಿಸುತ್ತದೆ, ಅಷ್ಟರಲ್ಲಿ ಗಾಡಿಯನ್ನು ಮಾರಿ ಕೈತೊಳೆದುಕೊಂಡಿಲ್ಲದಿದ್ದರೆ.

ಮೂರನೆಯದು ಪ್ರೆಶರ್ ವಾಷರಿನ ಮಹಿಮೆ. ನೀರು ಜೋರಾಗಿ ಬಡಿದಷ್ಟೂ ಶುದ್ಧಿ ಎಂಬ ನಂಬಿಕೆ. ಕಾರಿನ ಟೈರಿನೊಳಗಿನ ಗಾಳಿಯ ಒತ್ತಡ ಸುಮಾರು 30 ಪಿಎಸ್‌ಐ. ಮನೆಬಳಕೆಯ ಪ್ರೆಶರ್ ವಾಷರ್ ಕಕ್ಕುವ ನೀರಿನದು 1,500ರಿಂದ 3,000. ಹಳೆಯ ಮೋಟರ್‌ಹೋಮಿನ ಕಿಟಕಿ, ದೀಪ, ಬಾಗಿಲುಗಳ ಸುತ್ತ ಇರುವುದು ಸಂದು ಮುಚ್ಚುವ, ಒಣಗಿ ಬಿರುಕು ಬಿಟ್ಟ ಸೀಲೆಂಟ್. ಮೇಲಿನಿಂದ ಬೀಳುವ ಮಳೆಯನ್ನು ಹೇಗೋ ತಡೆದುಕೊಂಡು ಬಂದ ಆ ಗೆರೆಯೊಳಗೆ ಅಡ್ಡಡ್ಡಲಾಗಿ ನೀರಿನ ಚೂರಿ ಹಾಯಿಸಿದರೆ ಉಳಿಯುವುದುಂಟೇ? ಪಕ್ಕದ ಗೋಡೆಯಲ್ಲಿ ಫ್ರಿಜ್ಜಿನ ಗಾಳಿಕಿಂಡಿ ಇರುತ್ತದೆ, ಹೀಟರಿನ ಹೊಗೆಕಿಂಡಿ ಇರುತ್ತದೆ. ಅವುಗಳೊಳಗೂ ನೀರು ನುಗ್ಗುತ್ತದೆ. ಹೊರಗೆ ಗೋಡೆ ಫಳಫಳ, ಒಳಗೆ ಪ್ಲೈವುಡ್ ತೊಯ್ದು ತೊಪ್ಪೆ.

ಇಲ್ಲಿಗೆ ವಾದದ ತಿರುಳಿಗೆ ಬಂದೆವು. ಹಳೆಯ ಮೋಟರ್‌ಹೋಮನ್ನು ಕೊಲ್ಲುವುದು ಮಂಕಲ್ಲ, ನೀರು. ಮಂಕಾದ ಜೆಲ್‌ಕೋಟಿನಿಂದ ಯಾವ ಗಾಡಿಯೂ ಗುಜರಿ ಸೇರಿಲ್ಲ. ಸೂರಿನ ಅಂಚಿನಲ್ಲಿ ಒಂದು ಸ್ಕ್ರೂ ತುಕ್ಕು ಹಿಡಿದು, ಅದರ ಪಕ್ಕದ ಕೂದಲೆಳೆಯ ಸಂದಿನಿಂದ ತೊಟ್ಟು ತೊಟ್ಟಾಗಿ ನೀರಿಳಿದು, ಗೋಡೆಯೊಳಗಿನ ಪ್ಲೈವುಡ್ ಕೊಳೆತು, ಅಂಟು ಬಿಟ್ಟು, ಹೊರಗಿನ ಹಾಳೆ ಗುಳ್ಳೆಯಾಗಿ ಉಬ್ಬಿದಾಗ ಗಾಡಿಯ ಕಥೆ ಮುಗಿಯುತ್ತದೆ. ಉಬ್ಬಿದ ಗೋಡೆಯನ್ನು ಬಿಚ್ಚಿ ಮತ್ತೆ ಕಟ್ಟಿಸುವ ಖರ್ಚು ಎಷ್ಟೋ ಸಲ ಗಾಡಿಯ ಬೆಲೆಯನ್ನೇ ಮೀರುತ್ತದೆ. ನೀರು ನುಗ್ಗುವ ಜಾಗಗಳು ಗುಟ್ಟಿನವೇನಲ್ಲ. ಸೂರು ಮತ್ತು ಗೋಡೆ ಕೂಡುವ ಮೂಲೆಯ ಅಲ್ಯೂಮಿನಿಯಂ ಪಟ್ಟಿ; ಅದರ ಸ್ಕ್ರೂಗಳನ್ನು ಮುಚ್ಚಿರುವ, ಬಿಸಿಲಿಗೆ ಕುಗ್ಗಿ ಗಿಡ್ಡವಾದ ವಿನೈಲ್ ಪಟ್ಟಿ; ಸೂರಿನ ಗಾಳಿಕಿಂಡಿಗಳು, ಏಸಿಯ ಬುಡ, ಮುಂದೆ ಹಿಂದೆ ಎತ್ತರದಲ್ಲಿರುವ ಪುಟ್ಟ ದೀಪಗಳು, ಹಿಂಬದಿಯ ಏಣಿಯ ಕಾಲುಗಳು, ಕಿಟಕಿಯ ಚೌಕಟ್ಟು.

ಲೆಕ್ಕ ಹಾಕಿ ನೋಡಿ. ಮೂವತ್ತು ಅಡಿ ಉದ್ದದ ಗಾಡಿಯ ಎರಡು ಪಕ್ಕ, ಮುಂದೆ, ಹಿಂದೆ ಸೇರಿದರೆ ಸುಮಾರು 600 ಚದರ ಅಡಿ ಗೋಡೆ. ಕಾಂಪೌಂಡ್ ಒಂದು ಸುತ್ತು, ಪಾಲಿಶ್ ಒಂದು ಸುತ್ತು, ವ್ಯಾಕ್ಸ್ ಒಂದು ಸುತ್ತು ಎಂದರೆ 1,800 ಚದರ ಅಡಿಯ ದುಡಿಮೆ, ಅದೂ ಏಣಿಯ ಮೇಲೆ ನಿಂತು ಭಾರದ ಯಂತ್ರ ಹಿಡಿದು. ಯಾರ ಕಣ್ಣಿಗೂ ಬೀಳದ ಸೂರು ಸುಮಾರು 240 ಚದರ ಅಡಿ. ನೀರು ಮೊದಲು ಬೀಳುವುದು, ಹೆಚ್ಚು ಹೊತ್ತು ನಿಲ್ಲುವುದು, ಒಳನುಗ್ಗಲು ಹೊಂಚುಹಾಕುವುದು ಅಲ್ಲಿ. ಹೊಳಪಿನ ಪಂಥದವರು ವಾರಾಂತ್ಯವನ್ನೆಲ್ಲ ಆ 600 ಅಡಿಗೆ ಸುರಿದು ಈ 240 ಅಡಿಯ ಹತ್ತಿರ ಹೋಗುವುದೇ ಇಲ್ಲ. ಗೋಡೆಯ ಮೇಲಿಳಿಯುವ ಕಪ್ಪು ಗೀರುಗಳ ಮೇಲೆ ಅವರಿಗೆ ಎಲ್ಲಿಲ್ಲದ ಸಿಟ್ಟು. ಆ ಗೀರಿನ ಮೂಲ ಸೂರಿನಲ್ಲಿದೆ ಎಂಬುದು ಮಾತ್ರ ಹೊಳೆಯುವುದಿಲ್ಲ. ರಬ್ಬರ್ ಸೂರು ವಯಸ್ಸಾದಂತೆ ಪುಡಿ ಬಿಡುತ್ತದೆ, ಅದಕ್ಕೆ ರಸ್ತೆಯ ಮಸಿ ಸೇರಿ ಮಳೆ ಬಂದಾಗಲೆಲ್ಲ ಇಳಿಯುತ್ತದೆ. ಸೂರನ್ನು ತೊಳೆದು, ನೀರು ಗೋಡೆಗೆ ತಾಗದೆ ದೂರ ಬೀಳುವಂತೆ ಸೂರಿನ ಅಂಚಿನ ನೀರುದೋಣಿಯ ತುದಿಗೆ ಒಂದು ಪ್ಲಾಸ್ಟಿಕ್ ಮೂತಿ ಸಿಕ್ಕಿಸಿದರೆ ಗೀರು ಕಡಿಮೆಯಾಗುತ್ತದೆ. ಅದನ್ನು ಬಿಟ್ಟು ಪ್ರತಿ ಮಳೆಯ ನಂತರ ಗೋಡೆ ಕೆರೆಯುವುದಕ್ಕೆ ಏನೆನ್ನಬೇಕು?

ಸಂದುಗಳನ್ನು ಕಡೆಗಣಿಸುವುದಷ್ಟೇ ಆಗಿದ್ದರೆ ಸೋಮಾರಿತನ ಎಂದು ಬಿಡಬಹುದಿತ್ತು. ಹೊಳಪು ಮೊದಲು ಎಂಬ ಸರದಿಯೇ ಸಂದುಗಳಿಗೆ ಶತ್ರು. ಬಹಳಷ್ಟು ಪಾಲಿಶ್, ವ್ಯಾಕ್ಸ್‌ಗಳಲ್ಲಿ ಸಿಲಿಕೋನ್ ಇರುತ್ತದೆ. ಅದು ಕೂತ ಜಾಗಕ್ಕೆ ಹೊಸ ಸೀಲೆಂಟ್ ಸರಿಯಾಗಿ ಹಿಡಿಯುವುದಿಲ್ಲ. ಅಂದರೆ ಮೊದಲು ಗಾಡಿಯನ್ನು ಮಿರುಗಿಸಿ, ಆಮೇಲೆ ಸೋರುವುದು ಕಂಡು, ಆ ಸಂದಿಗೆ ಸೀಲೆಂಟ್ ಎಳೆದರೆ ಅದು ಅಂಟುವುದು ಪಾಲಿಶಿನ ಜಿಡ್ಡಿಗೆ. ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಅಂಚು ಬಿಟ್ಟಿರುತ್ತದೆ. ಸಂದು ಮೊದಲು, ಹೊಳಪು ಆಮೇಲೆ, ಅದೂ ಬೇಕಿದ್ದರೆ: ಈ ಸರದಿಯನ್ನು ತಲೆಕೆಳಗು ಮಾಡಿದವರು ತಾವೇ ದುಡಿದು ತಮ್ಮ ಗಾಡಿಯನ್ನು ಸೋರುವಂತೆ ಮಾಡುತ್ತಾರೆ.

ಇನ್ನು ಟೈರು. ಗೋಡೆ ಹೊಳೆದ ಮೇಲೆ ಟೈರು ಬೂದುಬಣ್ಣದಲ್ಲಿರುವುದು ಹೇಗೆ ಎಂದು ಅದಕ್ಕೂ ಕರಿ ಮಿರುಗು ಬಳಿಯುತ್ತಾರೆ. ಟೈರಿನ ರಬ್ಬರಿನೊಳಗೆ ಓಜೋನಿನಿಂದ ಕಾಪಾಡುವ ರಾಸಾಯನಿಕ ಸೇರಿಸಿರುತ್ತಾರೆ. ಟೈರು ಉರುಳಿ ಬಾಗಿ ಬಳುಕಿದಾಗ ಅದು ಮೇಲ್ಮೈಗೆ ಒಸರುತ್ತ ಇರುತ್ತದೆ. ವರ್ಷದಲ್ಲಿ ಬಹುಕಾಲ ನಿಂತೇ ಇರುವ ಮೋಟರ್‌ಹೋಮಿನಲ್ಲಿ ಆ ಒಸರುವಿಕೆ ಮೊದಲೇ ಕಡಿಮೆ. ಅಂಥದ್ದರಲ್ಲಿ ಪೆಟ್ರೋಲಿಯಂ ದ್ರಾವಕವಿರುವ ಮಿರುಗು ಬಳಿದರೆ ಇರುವುದೂ ತೊಳೆದುಹೋಗಬಹುದು. ಅದಕ್ಕಿಂತ ಕೆಟ್ಟದ್ದೆಂದರೆ, ಟೈರಿನ ಪಕ್ಕೆಯ ಸಣ್ಣ ಬಿರುಕುಗಳು ಆ ಕರಿ ಹೊಳಪಿನಲ್ಲಿ ಮುಚ್ಚಿಹೋಗುತ್ತವೆ. ಟನ್ನುಗಟ್ಟಲೆ ಭಾರದ ಗಾಡಿಯ ಮುಂದಿನ ಟೈರು ಹೆದ್ದಾರಿಯಲ್ಲಿ ಸಿಡಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಬಟನ್ ಎಷ್ಟೇ ಉಳಿದಿದ್ದರೂ ಹತ್ತು ವರ್ಷದ ಟೈರನ್ನು ತೆಗೆದುಹಾಕಿ ಎಂದು ದೊಡ್ಡ ತಯಾರಕರೇ ಹೇಳುತ್ತಾರೆ. ವಯಸ್ಸು ತಿಳಿಯಲು ಟೈರಿನ ಪಕ್ಕೆಯಲ್ಲಿ ಡಾಟ್ ಎಂದು ಶುರುವಾಗುವ ಗುರುತಿನ ಕೊನೆಯ ನಾಲ್ಕು ಅಂಕಿ ಓದಿದರೆ ಸಾಕು: 2315 ಎಂದಿದ್ದರೆ 2015ನೇ ಇಸವಿಯ 23ನೇ ವಾರ. ಟೈರು ಒರೆಸಲು ಬೇಕಾದದ್ದು ಸೋಪುನೀರು. ನೋಡಲು ಬೇಕಾದದ್ದು ಕನ್ನಡಕ.

ನಾಲ್ಕನೆಯ ಮಾತು ಲೋಕಾಭಿರಾಮದ್ದು: ಹೊಳೆಯುವ ಗಾಡಿ ಎಂದರೆ ಕಾಳಜಿಯ ಯಜಮಾನ ಎಂದು ನಾಲ್ಕು ಜನ ಗುರುತಿಸುತ್ತಾರೆ. ಆ ನಾಲ್ಕು ಜನರಲ್ಲಿ ಮುಖ್ಯರಾದವರು ಖಾಸಗಿ ಕ್ಯಾಂಪ್‌ಗ್ರೌಂಡುಗಳ ಮ್ಯಾನೇಜರುಗಳು. ಅಮೆರಿಕದ ಹಲವು ಖಾಸಗಿ ತಂಗುದಾಣಗಳಲ್ಲಿ ಹತ್ತು ವರ್ಷದ ನಿಯಮ ಎಂಬುದೊಂದಿದೆ: ಹತ್ತು ವರ್ಷ ದಾಟಿದ ಗಾಡಿಗೆ ಜಾಗವಿಲ್ಲ. ಫೋಟೋ ಕಳಿಸಿ, ಚೆನ್ನಾಗಿ ಕಂಡರೆ ಬಿಡುತ್ತೇವೆ ಎನ್ನುವುದೂ ಉಂಟು. ಹಳೆಯ ಗಾಡಿಗಳ ಯಜಮಾನರು ಏಣಿ ಹತ್ತಿ ಯಂತ್ರ ಹಿಡಿಯುವುದರ ಹಿಂದೆ ಈ ಅವಮಾನದ ಭಯವೂ ಇದೆ. ಅವರ ಮೇಲೆ ನನಗೆ ಕೋಪವಿಲ್ಲ. ಜೆಸಿಕಾ ಬ್ರೂಡರ್ 2017ರ ‘ನೊಮ್ಯಾಡ್‌ಲ್ಯಾಂಡ್’ ಪುಸ್ತಕದಲ್ಲಿ ಬರೆದದ್ದು ಬಾಡಿಗೆ ಕಟ್ಟಲಾರದೆ ಹಳೆಯ ವ್ಯಾನು, ಮೋಟರ್‌ಹೋಮ್‌ಗಳಲ್ಲೇ ಬದುಕುವ ಹಿರಿಯರ ಬಗ್ಗೆ. ಅದು ಸಿನಿಮಾ ಆಗಿ 2021ರಲ್ಲಿ ಆಸ್ಕರ್ ಗೆದ್ದಿತು. ಸಿನಿಮಾಕ್ಕೆ ಚಪ್ಪಾಳೆ ತಟ್ಟಿದ ಸಮಾಜವೇ ಅಂಥ ಗಾಡಿ ಗೇಟಿನ ಮುಂದೆ ಬಂದಾಗ ಬಣ್ಣ ನೋಡಿ ಒಳಗೆ ಬಿಡುತ್ತದೆ. ಗ್ಯಾಸ್ ಸೋರುತ್ತದೆಯೇ, ಕೊಳಚೆಯ ಪೈಪು ಭದ್ರವಾಗಿದೆಯೇ, ವೈರಿಂಗ್ ಸರಿಯಿದೆಯೇ ಎಂಬ ಪ್ರಶ್ನೆಗಳು ಪಕ್ಕದ ಗಾಡಿಯವರ ಕ್ಷೇಮಕ್ಕೆ ಬೇಕಾದವು. ಅವನ್ನು ಯಾರೂ ಕೇಳುವುದಿಲ್ಲ. ಹತ್ತು ವರ್ಷದ ನಿಯಮ ಬೇಕಿದ್ದದ್ದು ಟೈರಿಗೆ, ಹಾಕಿದ್ದು ಗಾಡಿಗೆ.

ಕೊನೆಯ ಮಾತು ದುಡ್ಡಿನದು. ಹೊಳೆಯುವ ಗಾಡಿಗೆ ಹೆಚ್ಚು ಬೆಲೆ ಬರುತ್ತದೆ ಎನ್ನುತ್ತಾರೆ. ಬರುತ್ತದೆ, ಅಲ್ಲಗಳೆಯುವುದಿಲ್ಲ. ಕೊಳ್ಳುವವನ ಕಣ್ಣನ್ನು ಸಂದಿನಿಂದ ಎಳೆದು ಗೋಡೆಯ ನಡುವಿಗೆ ತಂದು ನಿಲ್ಲಿಸುವ ಕೆಲಸಕ್ಕೆ ಸಂದ ಕೂಲಿ ಅದು. ಆದರೆ ಇದೇ ವ್ಯಾಪಾರವನ್ನು ಬೇರೆ ರೀತಿಯಲ್ಲೂ ಮಾಡಬಹುದೆಂದು ತೋರಿಸಿದ ದೇಶವಿದೆ. ಮಳೆಗೆ ಹೆಸರಾದ ಬ್ರಿಟನ್ನಿನಲ್ಲಿ ಮೋಟರ್‌ಹೋಮ್‌ಗೆ ವರ್ಷಕ್ಕೊಮ್ಮೆ ವಾಸದ ಭಾಗದ ತಪಾಸಣೆ ಮಾಡಿಸುವ ರೂಢಿ ಬೇರೂರಿದೆ. ತಪಾಸಣೆ ಮಾಡುವವನು ತೇವ ಅಳೆಯುವ ಮೀಟರ್ ಹಿಡಿದು ಮೂಲೆ, ಕಿಟಕಿ, ಬೀರುಗಳ ಒಳಗೆಲ್ಲ ಒತ್ತಿ ನೋಡಿ ಶೇಕಡಾವಾರು ಬರೆದು ಕೊಡುತ್ತಾನೆ. ಹಳೆಯ ಗಾಡಿ ಕೊಳ್ಳುವ ತಿಳಿವಳಿಕಸ್ಥರು ಆ ಕಾಗದ ಎಲ್ಲಿ ಎಂದು ಕೇಳುತ್ತಾರೆ. ಬೆಲೆ ಕಟ್ಟಬೇಕಾದ್ದು ಅದಕ್ಕೆ. ಅಲ್ಲಿಯೂ ಪಾಲಿಶ್ ಮಾರುವವರಿದ್ದಾರೆ, ಮರುಳಾಗುವವರೂ ಇದ್ದಾರೆ. ಆದರೆ ಅಳತೆಗೋಲು ಯಾವುದು ಎಂಬ ವಿಷಯದಲ್ಲಿ ಅವರು ಒಂದು ಹೆಜ್ಜೆ ಮುಂದಿದ್ದಾರೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ, ಅದನ್ನು ಗೌರವದಿಂದಲೇ ಎದುರಿಸಬೇಕು. ಮೈ ಬಗ್ಗಿಸಿ ದುಡಿದು ಒಂದು ವಸ್ತುವನ್ನು ಚಂದ ಮಾಡುವುದರಲ್ಲಿ ಸುಖವಿಲ್ಲವೇ? ಇದೆ. ನಿವೃತ್ತರಾದ ದಂಪತಿ ತಮ್ಮ ಗಾಡಿಯನ್ನು ಒಪ್ಪವಾಗಿ ಇಟ್ಟುಕೊಂಡರೆ ಅದನ್ನು ಆಡಿಕೊಳ್ಳುವುದು ಸಣ್ಣತನ. ಪ್ರದರ್ಶನಕ್ಕೆಂದೇ ಇಟ್ಟ, ಮಳೆ ಕಾಣದ ಗಾಡಿಯನ್ನು ಕನ್ನಡಿ ಮಾಡಿಕೊಳ್ಳಲಿ, ಅದು ಅವರ ಹವ್ಯಾಸ. ನನ್ನ ಜಗಳ ಹವ್ಯಾಸದೊಡನೆ ಇಲ್ಲ. ಹವ್ಯಾಸವನ್ನು ಕರ್ತವ್ಯವೆಂದು, ಅಲಂಕಾರವನ್ನು ಆರೈಕೆಯೆಂದು ಎಲ್ಲರ ಮೇಲೆ ಹೇರುವ ಉಪದೇಶದೊಡನೆ ಇದೆ.

ಹಾಗಾದರೆ ಹಳೆಯ ಗಾಡಿಯನ್ನು ತೊಳೆಯಲೇಬಾರದೇ? ಹೊಳಪಿನ ಪಂಥದವರಿಗಿಂತ ಹೆಚ್ಚಾಗಿಯೇ ತೊಳೆಯಬೇಕು, ಉದ್ದೇಶ ಬೇರೆ. ತೊಳೆಯುವುದೆಂದರೆ ಗಾಡಿಯ ಪ್ರತಿ ಅಡಿಯ ಮೇಲೂ ಒಮ್ಮೆ ಕೈ, ಒಮ್ಮೆ ಕಣ್ಣು ಹಾಯುವುದು. ಮೇಲಿನಿಂದ ಶುರುವಾಗಬೇಕು. ಸೂರನ್ನು ಅದರ ಜಾತಿ ತಿಳಿದು ತೊಳೆಯಬೇಕು. ರಬ್ಬರ್ ಸೂರಾದರೆ ಪೆಟ್ರೋಲಿಯಂ ಬೆರೆತ ಯಾವುದೂ ಹತ್ತಿರ ಬರಕೂಡದು, ಅದು ಉಬ್ಬಿ ಹಾಳಾಗುತ್ತದೆ. ಗೋಡೆಗೆ ನೆರಳಿನಲ್ಲಿ, ಮೃದು ಸೋಪು, ಮೆತ್ತನೆಯ ಬ್ರಷ್, ಸಾಮಾನ್ಯ ಪೈಪಿನ ನೀರು ಸಾಕು. ಬ್ಲೀಚು ರಬ್ಬರ್ ಪಟ್ಟಿಗಳಿಗೆ ಕೆಟ್ಟದ್ದು. ಕಲೆ ತೆಗೆಯುವ ಬಿಳಿ ಮೆಲಮೈನ್ ಸ್ಪಂಜು ಮೆತ್ತಗಿದ್ದರೂ ನುಣ್ಣನೆಯ ಉಪ್ಪುಕಾಗದವೇ. ಅದನ್ನು ಗೋಡೆಯೆಲ್ಲ ಆಡಿಸಬಾರದು. ಯುರೋಪಿನ ಗಾಡಿಗಳ ಅಕ್ರಿಲಿಕ್ ಕಿಟಕಿಗೆ ಗಾಜು ಒರೆಸುವ ದ್ರಾವಣ ಹಾಕಿದರೆ ಜೇಡರ ಬಲೆಯಂಥ ಬಿರುಕು ಏಳುತ್ತದೆ. ತೊಳೆಯುತ್ತ ತೊಳೆಯುತ್ತ ಗೋಡೆಯನ್ನು ಬೆರಳಗಂಟಿನಿಂದ ತಟ್ಟಿ ಕೇಳಬೇಕು: ಟಕ್ ಎಂಬ ಗಟ್ಟಿ ಸದ್ದು ಎಲ್ಲಿ ಪೊಳ್ಳಾಯಿತೋ ಅಲ್ಲಿ ಒಳಗೆ ಅಂಟು ಬಿಟ್ಟಿದೆ. ಬಿರುಕು ಬಿಟ್ಟ ಸೀಲೆಂಟಿಗೆ ಬಳಪದಲ್ಲಿ ಗುರುತು ಹಾಕಿ, ಗಾಡಿ ಒಣಗಿದ ಮೇಲೆ ಹಳೆಯದನ್ನು ಕಿತ್ತು, ಹೊಸದನ್ನು ಎಳೆಯಬೇಕು. ಅದು ಒಣಗಿ ಗಟ್ಟಿಯಾದ ಮೇಲೆ, ಪುಡಿ ವಿಪರೀತವಾದ ಕಡೆ ಮಾತ್ರ, ಕೈಯಲ್ಲಿ ಹಗುರ ಪಾಲಿಶ್. ಕೊನೆಗೆ ವರ್ಷಕ್ಕೊಂದೆರಡು ಸಲ ವ್ಯಾಕ್ಸ್. ಇದರಿಂದ ಗಾಡಿ ಮಿರುಗದೇ ಇರಬಹುದು. ಶುಭ್ರವಾಗಿರುತ್ತದೆ, ಒಣಗಿರುತ್ತದೆ.

ಆದ್ದರಿಂದ ಹಳೆಯ ಮೋಟರ್‌ಹೋಮ್ ಕೊಳ್ಳಲು ಹೊರಟವರು ಗಾಡಿಯ ಮೈಯನ್ನು ಮೆಚ್ಚುವ ಮೊದಲು ಯಜಮಾನನಿಗೆ ಮೂರು ಪ್ರಶ್ನೆ ಕೇಳಲಿ. ಸೂರಿನ ಸಂದುಗಳಿಗೆ ಕಳೆದ ಸಲ ಸೀಲೆಂಟ್ ಹಾಕಿದ್ದು ಯಾವಾಗ? ಟೈರುಗಳು ಯಾವ ಇಸವಿಯವು? ಮೂಲೆಗಳ ತೇವ ಅಳೆಸಿದ್ದೀರಾ? ಮೂರಕ್ಕೂ ಉತ್ತರವಿರುವ ಗಾಡಿ ಮಂಕಾಗಿದ್ದರೆ ಹಿಂಜರಿಯದೆ ಕೊಳ್ಳಲಿ. ಒಂದಕ್ಕೂ ಉತ್ತರವಿಲ್ಲದ ಗಾಡಿ ಮುಖ ಕಾಣುವಷ್ಟು ಹೊಳೆಯುತ್ತಿದ್ದರೆ, ಆ ಹೊಳಪಿಗೆಂದು ಎಷ್ಟು ಬೆಲೆ ಏರಿಸಿದ್ದಾರೋ ಅಷ್ಟನ್ನೂ ಇಳಿಸಿ, ಅದರ ಮೇಲೆ ಇನ್ನಷ್ಟು ಇಳಿಸಿ ಕೇಳಲಿ.